ನಾನು ಹಿಡಿದ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವೆಲ್ಲ ಬೇರೆಯವರ ಮೇಲೆ ಪ್ರಯೋಗಿಸುವುದಕ್ಕೆಂದೇ ಕಲಿತಿರುತ್ತೇವೆ. ನನ್ನ ಪಾಲಿಗೆ ಮಾತ್ರ ಅದು ಒಮ್ಮೆ ಹೆಚ್ಚುಕಡಮೆ ಅಕ್ಷರಶಃ ನಿಜವಾಯಿತು. ನಾನು ಹಿಡಿದದ್ದು ಇಡೀ ಮೊಲವನ್ನಲ್ಲ. ಮೊಲದ ರಕ್ತದಿಂದ ತೆಗೆದು, ಕಿರುಬೆರಳಿನಷ್ಟೂ ದಪ್ಪವಿಲ್ಲದ ಕೊಳವೆಯಲ್ಲಿ ತುಂಬಿ, ಮಂಜಿನ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಕಳಿಸಿದ್ದ ಒಂದಿಷ್ಟು ದ್ರವವನ್ನು. ನೋಡಿದರೆ ನೀರು. ಬೆಲೆ ಕೇಳಿದರೆ ಬಂಗಾರ. ಅದರೊಳಗಿದ್ದ ವಸ್ತುವಿಗೆ ಪ್ರತಿಕಾಯವೆಂದು ಹೆಸರು. 1998ರಲ್ಲಿ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ನಾನು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಆ ಕೊಳವೆಯನ್ನು ನಂಬಿ ಎಂಟು ತಿಂಗಳು ಕಳೆದೆ.

ಆ ದ್ರವದಿಂದ ನನಗೆ ಬೇಕಾಗಿದ್ದ ಉತ್ತರ ಒಂದೇ. ಜೀವಕೋಶದ ಒಂದು ಪ್ರೋಟೀನಿಗೆ ಅಸಿಟೈಲ್ ಎಂಬ ಸಣ್ಣ ಗುಂಪು ಅಂಟಿದೆಯೋ ಇಲ್ಲವೋ? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಾಧನವನ್ನು ಪಡೆಯಲು ವಿಜ್ಞಾನಕ್ಕೆ ಒಂದು ಶತಮಾನ ಹಿಡಿಯಿತೆಂದರೆ ವಾಚಕರು ನಂಬಲಿಕ್ಕಿಲ್ಲ. ಆದರೆ ಹಾಗಾದದ್ದು ನಿಜ.

ಅಸಿಟೈಲ್ ಎಂದರೆ ಗಾಬರಿಪಡಬೇಕಾದದ್ದೇನೂ ಇಲ್ಲ. ಉಪ್ಪಿನಕಾಯಿ ಬಾಟಲಿಗಳ ಮೇಲೆ ಬರೆದಿರುವ ಅಸಿಟಿಕ್ ಆಮ್ಲ, ಅಂದರೆ ವಿನಿಗರಿನ ಹುಳಿ, ಇದರ ನೆಂಟ. ಇಂಗಾಲದ ಎರಡು, ಜಲಜನಕದ ಮೂರು, ಆಮ್ಲಜನಕದ ಒಂದು, ಹೀಗೆ ಆರು ಪರಮಾಣುಗಳ ಒಂದು ಪುಟ್ಟ ಗೊಂಚಲು. ಪ್ರೋಟೀನುಗಳು ಅಮೈನೋ ಆಮ್ಲಗಳ ಸರಗಳೆಂಬುದು ಎಲ್ಲರಿಗೂ ಗೊತ್ತು. ಆ ಸರದಲ್ಲಿ ಲೈಸೀನ್ ಎಂಬ ಮಣಿ ಇರುವಲ್ಲಿ ಈ ಗೊಂಚಲು ಹೋಗಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಎದ್ದುಹೋಗುತ್ತದೆ. ಎಚ್-4 ಎಂಬ ಪ್ರೋಟೀನಿನ ತೂಕವನ್ನು ಜಲಜನಕದ ಪರಮಾಣುವಿನ ಲೆಕ್ಕದಲ್ಲಿ ಹೇಳಿದರೆ ಹನ್ನೊಂದು ಸಾವಿರದ ಆಸುಪಾಸು. ಒಂದು ಅಸಿಟೈಲ್ ಬಂದು ಕೂತರೆ ಹೆಚ್ಚುವುದು ಬರಿಯ 42. ಮದುವೆಮನೆಯ ನೂರು ಸೇರು ಅಕ್ಕಿಗೆ ಯಾರೋ ಒಂದು ಹಿಡಿ ಸೇರಿಸಿದ್ದಾರೆಯೇ ಎಂದು ಪತ್ತೆಮಾಡುವಂಥ ಕೆಲಸ ಇದು.

ಈ ಎಚ್-4 ಹಿಸ್ಟೋನ್ ಎಂಬ ಪ್ರೋಟೀನುಗಳ ಕುಟುಂಬಕ್ಕೆ ಸೇರಿದ್ದು. ಕುಟುಂಬದ ಪರಿಚಯ ಜಗತ್ತಿಗಾದದ್ದು 1884ರಲ್ಲಿ. ಆಲ್ಬ್ರೆಕ್ಟ್ ಕಾಸೆಲ್ ಎಂಬ ಜರ್ಮನ್ ವಿಜ್ಞಾನಿ ಹೆಬ್ಬಾತಿನ ರಕ್ತವನ್ನು ತಂದು, ಅದರ ಕೆಂಪು ಕಣಗಳ ಬೀಜಕೇಂದ್ರಗಳಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಹಿಸ್ಟೋನ್ ಎಂದು ಹೆಸರಿಟ್ಟನು. ಹೆಬ್ಬಾತೇ ಏಕೆ ಎಂದರೆ, ನಮ್ಮ ಕೆಂಪು ರಕ್ತಕಣಗಳಲ್ಲಿ ಬೀಜಕೇಂದ್ರವಿಲ್ಲ, ಹಕ್ಕಿಗಳದರಲ್ಲಿ ಇದೆ. 1910ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ಬಂತು. ಹಿಸ್ಟೋನ್ ಮಾತ್ರ ಬಹುಕಾಲ ಮೂಲೆಯಲ್ಲೇ ಉಳಿಯಿತು. ಒಂದೊಂದು ಜೀವಕೋಶದೊಳಗೆ ಸುಮಾರು ಎರಡು ಮೀಟರು ಉದ್ದದ ಡಿಎನ್‌ಎ ಎಳೆ ಮಡಿಸಿಟ್ಟಿದೆ. ಅದು ಗಂಟುಬೀಳದಂತೆ ಸುತ್ತಿಡಲು ಬೇಕಾದ ದಾರದ ರೀಲುಗಳೇ ಹಿಸ್ಟೋನುಗಳು. ರೀಲಿಗೆ ಯಾರು ಮರ್ಯಾದೆ ಕೊಡುತ್ತಾರೆ? ಎಲ್ಲರ ಕಣ್ಣೂ ದಾರದ ಮೇಲೆ.

1963ರಲ್ಲಿ ಇಂಗ್ಲೆಂಡಿನ ಡಿ. ಎಂ. ಪಿ. ಫಿಲಿಪ್ಸ್ ಹಿಸ್ಟೋನುಗಳಲ್ಲಿ ಅಸಿಟೈಲ್ ಗುಂಪುಗಳಿವೆಯೆಂದು ವರದಿಮಾಡಿದನು. ಮಾರನೆಯ ವರ್ಷ ನ್ಯೂಯಾರ್ಕಿನ ರಾಕೆಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಆಲ್‌ಫ್ರೇ, ಫಾಕ್ನರ್, ಮಿರ್ಸ್ಕಿ ಎಂಬ ಮೂವರು ಇನ್ನೂ ಧೈರ್ಯದ ಮಾತೊಂದನ್ನು ಆಡಿದರು. ಕರುವಿನ ಥೈಮಸ್ ಗ್ರಂಥಿಯ ಬೀಜಕೇಂದ್ರಗಳಿಗೆ ವಿಕಿರಣ ಸೂಸುವ ಅಸಿಟೇಟನ್ನು ಕೊಟ್ಟು ನೋಡಿದರೆ ಅದು ಹಿಸ್ಟೋನಿಗೆ ಹೋಗಿ ಸೇರುತ್ತಿತ್ತು. ಹೊಸ ಪ್ರೋಟೀನು ತಯಾರಾಗದಂತೆ ತಡೆದಾಗಲೂ ಸೇರುತ್ತಿತ್ತು. ಅಂದರೆ ಹುಟ್ಟುವಾಗಲೇ ಬಂದ ಮಚ್ಚೆಯಲ್ಲ ಇದು, ಆಮೇಲೆ ಇಟ್ಟ ಬೊಟ್ಟು. ಹಿಸ್ಟೋನು ಬರಿಯ ರೀಲಲ್ಲದಿರಬಹುದು, ಈ ಬೊಟ್ಟು ಇಟ್ಟಾಗ ಡಿಎನ್‌ಎಯ ಹಿಡಿತ ಸಡಿಲವಾಗಿ ಅಲ್ಲಿಯ ಜೀನುಗಳು ಕೆಲಸಕ್ಕೆ ತೊಡಗಬಹುದು ಎಂದು ಅವರು ಊಹಿಸಿದರು. ಲೈಸೀನಿನಲ್ಲಿರುವುದು ಧನ ವಿದ್ಯುತ್ತು, ಡಿಎನ್‌ಎಯಲ್ಲಿರುವುದು ಋಣ ವಿದ್ಯುತ್ತು. ಅಸಿಟೈಲ್ ಬಂದರೆ ಲೈಸೀನಿನ ವಿದ್ಯುತ್ತು ಅಡಗುತ್ತದೆ. ಆದ್ದರಿಂದ ಊಹೆ ಅಸಂಗತವಾಗಿರಲಿಲ್ಲ.

ಊಹೆಗೆ ಪುರಾವೆ ಬೇಕಲ್ಲ! ವಿಕಿರಣದಿಂದ ಒಟ್ಟು ಮೊತ್ತ ತಿಳಿಯುತ್ತಿತ್ತು. ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ವಿದ್ಯುತ್ತು ಹಾಯಿಸಿ ಹಿಸ್ಟೋನುಗಳನ್ನು ಓಡಿಸಿದರೆ, ಒಂದು ಅಸಿಟೈಲ್ ಹೊತ್ತದ್ದು ಕೊಂಚ ಹಿಂದೆ ಬೀಳುತ್ತಿತ್ತು, ಎರಡು ಹೊತ್ತದ್ದು ಇನ್ನಷ್ಟು ಹಿಂದೆ. ಎಷ್ಟು ಎಂಬುದಕ್ಕೆ ಇದರಲ್ಲಿ ಉತ್ತರವಿತ್ತು. ಎಲ್ಲಿ ಎಂಬುದಕ್ಕೆ ಇರಲಿಲ್ಲ. ಯಾವ ವರ್ಣತಂತುವಿನ ಮೇಲೆ, ಯಾವ ಜೀನಿನ ಬಳಿ, ಹಿಸ್ಟೋನಿನ ಎಷ್ಟನೆಯ ಲೈಸೀನಿನ ಮೇಲೆ? ಕೋಶವನ್ನು ಅರೆದು ಹಾಕಿದ ಮೇಲೆ ಇದನ್ನೆಲ್ಲ ಯಾರನ್ನು ಕೇಳುವುದು? 1977ರಲ್ಲಿ ವರ್ನನ್ ಇನ್‌ಗ್ರಾಂ ಮತ್ತು ಅವನ ಜೊತೆಗಾರರು ಬ್ಯುಟಿರೇಟ್ ಎಂಬ ಪದಾರ್ಥ ಹಾಕಿದರೆ ಕೋಶದಲ್ಲಿ ಅಸಿಟೈಲ್ ಹೊತ್ತ ಹಿಸ್ಟೋನು ರಾಶಿಯಾಗುತ್ತದೆಂದು ತೋರಿಸಿದರು. ಕಮಟು ಬೆಣ್ಣೆಯ ವಾಸನೆ ಬರುವುದು ಇದರ ಮೂಲವಾದ ಬ್ಯುಟಿರಿಕ್ ಆಮ್ಲದಿಂದಲೇ. ಆ ವಾಸನೆ ನನ್ನ ಅಂಗಿಗೆ ಎಷ್ಟು ಹಿಡಿದಿತ್ತೆಂದರೆ ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುತ್ತಿದ್ದರು.

ಈಗ ಮೊಲಗಳ ಕಡೆಗೆ ಬರೋಣ.

1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನಿಂದ ಬಂದಿದ್ದ ಕಿಟಸಾಟೊ ಶಿಬಸಬುರೋ ಗಂಟಲುಮಾರಿ, ಧನುರ್ವಾಯು ಎಂಬ ಎರಡು ಘೋರ ರೋಗಗಳ ಮೇಲೆ ಒಟ್ಟಿಗೆ ಕೆಲಸಮಾಡುತ್ತಿದ್ದರು. ಧನುರ್ವಾಯುವಿನ ವಿಷವನ್ನು ತಡೆದುಕೊಳ್ಳುವಂತೆ ಮಾಡಿದ ಮೊಲದ ರಕ್ತವನ್ನು ಇಲಿಗಳಿಗೆ ಚುಚ್ಚಿದರೆ ಆ ಇಲಿಗಳೂ ವಿಷಕ್ಕೆ ಜಗ್ಗಲಿಲ್ಲ. ವಿಷವನ್ನು ಹುಡುಕಿ ಹಿಡಿಯುವ ಏನೋ ಒಂದು ಮೊಲದ ರಕ್ತರಸದಲ್ಲಿ ಹುಟ್ಟಿಕೊಂಡಿತ್ತು. ಇದೇ ಪ್ರತಿಕಾಯದ ಮೊದಲ ಸುದ್ದಿ. 1901ರಲ್ಲಿ ವೈದ್ಯಶಾಸ್ತ್ರಕ್ಕೆ ಮೊಟ್ಟಮೊದಲ ನೊಬೆಲ್ ಬಂದಾಗ ಅದು ಬೇರಿಂಗನೊಬ್ಬನಿಗೇ ಸಂದಿತು. ಕಿಟಸಾಟೊನನ್ನು ಬಿಟ್ಟದ್ದೇಕೆಂದು ಇಂದಿಗೂ ಕೇಳುವವರಿದ್ದಾರೆ, ನಾನೂ ಅವರಲ್ಲೊಬ್ಬ. ಮೊಲವನ್ನಂತೂ ಯಾರೂ ನೆನೆಯಲಿಲ್ಲ.

ಪ್ರತಿಕಾಯವು ರೋಗದ ವಿಷವನ್ನು ಗುರುತಿಸುತ್ತದೆ, ಸರಿ. ಆರು ಪರಮಾಣುಗಳ ವ್ಯತ್ಯಾಸವನ್ನು ಅದು ಗುರುತಿಸೀತೆ? ಈ ಪ್ರಶ್ನೆಗೆ ಅಡಿಪಾಯ ಹಾಕಿದವನು ಕಾರ್ಲ್ ಲ್ಯಾಂಡ್‌ಸ್ಟೈನರ್. ರಕ್ತದ ಗುಂಪುಗಳನ್ನು ಕಂಡುಹಿಡಿದು 1930ರ ನೊಬೆಲ್ ಪಡೆದವನೆಂದು ಎಲ್ಲರೂ ಬಲ್ಲರು. ಆದರೆ ಅವನ ಬಾಳಿನ ಬಹುಭಾಗ ಕಳೆದದ್ದು ಬೇರೊಂದು ಹುಚ್ಚಿನಲ್ಲಿ. ಸಣ್ಣ ರಾಸಾಯನಿಕವನ್ನು ಹಾಗೆಯೇ ಚುಚ್ಚಿದರೆ ಮೊಲದ ದೇಹ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದೇ ರಾಸಾಯನಿಕವನ್ನು ದೊಡ್ಡ ಪ್ರೋಟೀನೊಂದರ ಬೆನ್ನಿಗೆ ಅಂಟಿಸಿ ಚುಚ್ಚಿದರೆ, ದೇಹ ಎಚ್ಚೆತ್ತು ಅದಕ್ಕೂ ಪ್ರತಿಕಾಯ ತಯಾರಿಸುತ್ತದೆ. ದೊಡ್ಡ ಮನುಷ್ಯರ ಜೊತೆಗೆ ಹೋದ ಬಡ ನೆಂಟನಿಗೂ ಮದುವೆಯಲ್ಲಿ ಎಲೆ ಹಾಕುವಂತೆ! ಈ ಉಪಾಯದಿಂದ ಲ್ಯಾಂಡ್‌ಸ್ಟೈನರ್ ನೂರಾರು ರಾಸಾಯನಿಕಗಳನ್ನು ಪರೀಕ್ಷಿಸಿದನು. ನಮ್ಮ ಹುಣಿಸೆಹಣ್ಣಿನ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲಕ್ಕೆ ಬಲಗೈ ಎಡಗೈಗಳಂತೆ ಕನ್ನಡಿಯ ಪ್ರತಿರೂಪಗಳಿವೆ; ಪರಮಾಣುಗಳು ಅವೇ, ಜೋಡಣೆಯ ದಿಕ್ಕು ಮಾತ್ರ ಬೇರೆ. 1920ರ ದಶಕದ ಕೊನೆಯಲ್ಲಿ ಅವನೂ ಫಾನ್ ಡೆರ್ ಶೀರ್ ಎಂಬಾತನೂ ಈ ರೂಪಗಳನ್ನು ಪ್ರತಿಕಾಯಗಳು ಒಂದರಿಂದ ಒಂದನ್ನು ಬೇರೆಮಾಡಿ ಗುರುತಿಸುವುದನ್ನು ತೋರಿಸಿಕೊಟ್ಟರು. 1943ರಲ್ಲಿ ಪ್ರಯೋಗಶಾಲೆಯಲ್ಲೇ, ಪಿಪೆಟ್ಟು ಕೈಯಲ್ಲಿರುವಾಗಲೇ, ಲ್ಯಾಂಡ್‌ಸ್ಟೈನರನಿಗೆ ಹೃದಯಾಘಾತವಾಯಿತೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಎರಡು ದಿನಗಳಲ್ಲಿ ತೀರಿಕೊಂಡನು. ಹಿಸ್ಟೋನಿನ ಅಸಿಟೈಲಿನ ಮಾತು ಆಗ ಹುಟ್ಟಿಯೇ ಇರಲಿಲ್ಲ.

ಅಸಿಟೈಲನ್ನು ಗುರುತಿಸುವ ಪ್ರತಿಕಾಯಗಳಲ್ಲಿ ಬಹಳ ಹೆಸರುಮಾಡಿದ ಒಂದು, ಅದನ್ನೇ ಹುಡುಕಿ ಹೊರಟವರಿಗೆ ಸಿಕ್ಕಿದ್ದಲ್ಲ. 1985ರಲ್ಲಿ ಪಿಪರ್ನೊ ಮತ್ತು ಫುಲ್ಲರ್ ಎಂಬಿಬ್ಬರು, ಸೀ ಅರ್ಚಿನ್ ಎಂಬ ಮೈಯೆಲ್ಲ ಮುಳ್ಳಿನ ಕಡಲಜೀವಿಯ ವೀರ್ಯಾಣುವಿನ ಬಾಲದಲ್ಲಿರುವ ಟ್ಯುಬ್ಯುಲಿನ್ ಪ್ರೋಟೀನಿಗೆ ಪ್ರತಿಕಾಯಗಳನ್ನು ಮಾಡಿದ್ದರು. ಅವುಗಳಲ್ಲಿ ಏಳು, ಅಸಿಟೈಲ್ ಹೊತ್ತ ಟ್ಯುಬ್ಯುಲಿನನ್ನು ಮಾತ್ರ ಹಿಡಿದು, ಹೊರದ್ದನ್ನು ಬಿಟ್ಟವು. ಅಷ್ಟು ಹೊತ್ತಿಗೆ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಹೊರಗೆಡಹಿದ ಉಪಾಯ ಜಗತ್ತಿನಲ್ಲೆಲ್ಲ ಹರಡಿತ್ತು. ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಪಡೆಯುವ ಉಪಾಯ ಅದು. ಆ ಏಳರಲ್ಲಿ ಒಂದು ಪ್ರತಿಕಾಯ ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ಹಿಸ್ಟೋನಿನ ವಿಷಯದಲ್ಲಿ ದಾರಿ ತೆರೆದದ್ದು ಇಂಗ್ಲೆಂಡಿನ ಎರಡು ಊರುಗಳು. ಪೋರ್ಟ್ಸ್‌ಮತ್‌ನಲ್ಲಿ ಹೆಬ್ಸ್, ಥಾರ್ನ್, ಕ್ರೇನ್-ರಾಬಿನ್‌ಸನ್ ಎಂಬವರು ಮತ್ತೆ ಹಕ್ಕಿಯ ರಕ್ತಕ್ಕೇ ಕೈಹಾಕಿದರು. ಈ ಸಲ ಹೆಬ್ಬಾತಲ್ಲ, ಮೊಟ್ಟೆಯೊಳಗೆ ಹದಿನೈದು ದಿನ ಬೆಳೆದ ಕೋಳಿಮರಿ. ಅದರ ಕೆಂಪು ಕಣಗಳ ಡಿಎನ್‌ಎಯನ್ನು ಹಿಸ್ಟೋನು ಸಮೇತ ತುಂಡುಮಾಡಿ, ಅಸಿಟೈಲ್ ಹೊತ್ತ ಲೈಸೀನನ್ನು ಹಿಡಿಯುವ ಪ್ರತಿಕಾಯವನ್ನು ಅದರಲ್ಲಿ ಬಿಟ್ಟು, ಅದು ಹಿಡಿದ ತುಂಡುಗಳನ್ನಷ್ಟೇ ಎತ್ತಿಕೊಂಡರು. ಎತ್ತಿದ ಗಂಟಿನಲ್ಲಿ ಗ್ಲೋಬಿನ್ನಿನ ಜೀನು ಧಾರಾಳವಾಗಿ ಇತ್ತು. ರಕ್ತಕಣದಲ್ಲಿ ದುಡಿಯುವ ಜೀನು ಅದು. ಮೊಟ್ಟೆಯ ಬಿಳಿಲೋಳೆಯ ಪ್ರೋಟೀನಿಗೆ ಸಂಬಂಧಪಟ್ಟ, ರಕ್ತಕಣದಲ್ಲಿ ಸುಮ್ಮನೆ ಮಲಗಿರುವ ಜೀನು ಹಾಗೆ ಬರಲಿಲ್ಲ. ಆಲ್‌ಫ್ರೇ ಊಹಿಸಿ ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, 1988ರಲ್ಲಿ, ಊಹೆಗೆ ನೇರವಾದ ಸಾಕ್ಷ್ಯ ದೊರೆಯಿತು.

ಬರ್ಮಿಂಗ್‌ಹ್ಯಾಮಿನ ಬ್ರಯನ್ ಟರ್ನರ್ ಇನ್ನೊಂದು ಹೆಜ್ಜೆ ಮುಂದೆ ಹೋದನು. ಎಚ್-4 ಹಿಸ್ಟೋನಿನ ಬಾಲದಲ್ಲಿ 5, 8, 12, 16ನೆಯ ಸ್ಥಾನಗಳಲ್ಲಿ ಅಸಿಟೈಲ್ ಕೂರಬಲ್ಲ ನಾಲ್ಕು ಲೈಸೀನುಗಳಿವೆ. ಒಂದೊಂದು ಸ್ಥಾನಕ್ಕೂ ಬೇರೆಬೇರೆ ಪ್ರತಿಕಾಯ ಬೇಕೆಂಬುದು ಅವನ ಹಟ. ಬಾಲದ ತುಣುಕಿನಂಥ ಸಣ್ಣ ಪೆಪ್ಟೈಡನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಬೇಕಾದ ಸ್ಥಾನದಲ್ಲಿ ಮಾತ್ರ ಅಸಿಟೈಲ್ ಇಟ್ಟು, ಲ್ಯಾಂಡ್‌ಸ್ಟೈನರನ ಉಪಾಯದಂತೆ ದೊಡ್ಡ ಪ್ರೋಟೀನಿನ ಬೆನ್ನಿಗೆ ಕಟ್ಟಿ, ಮೊಲಕ್ಕೆ ಚುಚ್ಚುವುದು ಇದರ ಕ್ರಮ. 1989ರಲ್ಲಿ ಅವನೂ ಫೆಲೋಸ್ ಎಂಬವರೂ ಆ ಪ್ರತಿಕಾಯಗಳಿಂದ ಪಡೆದ ಮೊದಲ ಫಲಗಳನ್ನು ಪ್ರಕಟಿಸಿದರು.

1992ರಲ್ಲಿ ಅವನ ಗುಂಪು ಪ್ರಕಟಿಸಿದ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಲೈಬ್ರರಿಯ ಮಬ್ಬುಬೆಳಕಿನಲ್ಲಿ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಮುತ್ತುವ ಹಣ್ಣಿನ ನೊಣ ನಮಗೆ ಗೊತ್ತಲ್ಲ, ಅದರ ಹುಳುವಿನ ಜೊಲ್ಲಿನ ಗ್ರಂಥಿಯಲ್ಲಿ ವರ್ಣತಂತುಗಳು ವಿಪರೀತ ದಪ್ಪ. ಗಂಡಿಗೆ ಎಕ್ಸ್ ವರ್ಣತಂತು ಒಂದೇ, ಹೆಣ್ಣಿಗೆ ಎರಡು. ಕೊರತೆಯನ್ನು ತುಂಬಿಕೊಳ್ಳಲು ಗಂಡಿನ ಒಂಟಿ ಎಕ್ಸ್ ಎರಡರಷ್ಟು ದುಡಿಯಬೇಕು. ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಬಿಟ್ಟಾಗ, 16ನೆಯ ಲೈಸೀನಿನ ಪ್ರತಿಕಾಯ ಗಂಡಿನ ಆ ಒಂಟಿ ಎಕ್ಸಿನ ಉದ್ದಕ್ಕೂ ದೀಪಾವಳಿ ಹಚ್ಚಿತ್ತು. ಮಾರನೆಯ ವರ್ಷ ಜೆಪ್ಪೆಸನ್ ಎಂಬಾತನೊಡನೆ ಟರ್ನರ್ ಇದಕ್ಕೆ ವಿರುದ್ಧವಾದ ಚಿತ್ರವನ್ನು ತೋರಿಸಿದನು. ಸಸ್ತನಿಗಳ ಹೆಣ್ಣಿನಲ್ಲಿ ಎರಡು ಎಕ್ಸ್‌ಗಳ ಪೈಕಿ ಒಂದು ಬಾಯಿಮುಚ್ಚಿ ಕೂತಿರುತ್ತದೆ. ಉಳಿದ ವರ್ಣತಂತುಗಳೆಲ್ಲ ಹೊಳೆಯುತ್ತಿರುವಾಗ ಆ ಒಂದು ಮಾತ್ರ ಕತ್ತಲಲ್ಲಿತ್ತು. ಇಡೀ ಪುಸ್ತಕ ಓದಿದರೂ ತಿಳಿಯದ್ದು ಆ ಎರಡು ಚಿತ್ರಗಳಿಂದ ನನಗೆ ತಿಳಿಯಿತು. ಇದೇ ವಿಷಯದಲ್ಲಿ ಕೆಲಸಮಾಡಬೇಕೆಂಬ ಹುಚ್ಚೂ ಅಲ್ಲೇ ಹತ್ತಿತು.

ನಾನು ಸೇರುವ ಹೊತ್ತಿಗೆ ಈ ಪ್ರತಿಕಾಯಗಳನ್ನು ಮೊಲ ಸಾಕಿ ಮಾಡಿಕೊಳ್ಳಬೇಕಾದ ಕಷ್ಟವಿರಲಿಲ್ಲ. ವಿದೇಶದ ಕಂಪೆನಿಗಳು ಮಾರುತ್ತಿದ್ದವು. ಚೀಟಿಯ ಮೇಲೆ ಏನು ಬರೆದಿದೆಯೋ ಕೊಳವೆಯೊಳಗೆ ಅದೇ ಇರುತ್ತದೆಂದು ನಾವು ನಂಬಿದ್ದೆವು. ಕೋಶಗಳಿಗೆ ಶಾಖ ತಗುಲಿಸಿದರೆ ಎಚ್-4ರ ಅಸಿಟೈಲ್ ಏನಾಗುತ್ತದೆಂಬುದು ನನ್ನ ಪ್ರಶ್ನೆ. ಹಿಸ್ಟೋನುಗಳನ್ನು ಜೆಲ್ಲಿನಲ್ಲಿ ಓಡಿಸಿ, ಕಾಗದದಂಥ ತೆಳುಪೊರೆಗೆ ಇಳಿಸಿ, ಪ್ರತಿಕಾಯದಲ್ಲಿ ನೆನೆಸಿ, ಕತ್ತಲೆಕೋಣೆಯಲ್ಲಿ ಎಕ್ಸ್-ರೇ ಫಿಲ್ಮಿನ ಮೇಲೆ ಒತ್ತಿದರೆ, ಅಸಿಟೈಲ್ ಇದ್ದಲ್ಲಿ ಕಪ್ಪು ಗೆರೆ ಮೂಡಬೇಕು. ಮೊದಲ ಕೊಳವೆಯಿಂದ ಶಾಖ ತಗುಲದ ಕೋಶಗಳನ್ನು ಮೂರು ಸಲ ನೋಡಿದೆ; ಬಹಳ ತಿಳಿಯಾದ ಗೆರೆ. ಅಷ್ಟರಲ್ಲಿ ಕೊಳವೆ ಬರಿದಾಯಿತು. ಎರಡನೆಯ ಕೊಳವೆ ಸುಂಕದ ಕಟ್ಟೆಯಲ್ಲಿ ಕೂತು ಕೂತು ಬರುವ ಹೊತ್ತಿಗೆ ಎರಡು ತಿಂಗಳು. ಇಷ್ಟು ದುಬಾರಿಯ ವಸ್ತುವನ್ನು ಮಾಡಿದ್ದನ್ನೇ ಮಾಡಲು ಏಕೆ ಪೋಲು ಮಾಡಲಿ ಎಂದುಕೊಂಡು, ಅದರಿಂದ ಶಾಖ ತಗುಲಿದ ಕೋಶಗಳನ್ನು ಮಾತ್ರ ನೋಡಿದೆ. ಕಾಡಿಗೆಯಂಥ ಗೆರೆ! ಹಲವು ಸಲ ಮಾಡಿದೆ, ಹಲವು ಸಲವೂ ಕಾಡಿಗೆಯೇ.

ಲೇಖನದ ಕರಡು ಸಿದ್ಧವಾಯಿತು. ನಮ್ಮ ಪ್ರಯೋಗಶಾಲೆಗೆ ಹೊಸದಾಗಿ ಬಂದಿದ್ದ ಒಬ್ಬ ಹುಡುಗಿ ನನ್ನ ಈ ಫಲವನ್ನೇ ಆಧಾರವಾಗಿಟ್ಟುಕೊಂಡು ತನ್ನ ಕೆಲಸ ಆರಂಭಿಸಿದಳು. ನಾನು ಗೌರಿಹಬ್ಬಕ್ಕೆಂದು ಹಾಸನಕ್ಕೆ ಹೊರಟಾಗ ಫಿಲ್ಮನ್ನು ಕವರಿನಲ್ಲಿಟ್ಟುಕೊಂಡು ಹೋದೆ.

ತಂದೆಯವರನ್ನು ನಾವು ಮನೆಯಲ್ಲಿ ಅಣ್ಣ ಎಂದೇ ಕರೆಯುತ್ತಿದ್ದುದು. ಮುನ್ಸೀಫ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿದ್ದರು. ವಿಜ್ಞಾನ ಅವರಿಗೆ ಎಸ್ಸೆಸ್ಸೆಲ್ಸಿಯ ಮಟ್ಟಕ್ಕೆ ಗೊತ್ತು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಕಪ್ಪು ಗೆರೆ ಇದೆ ಅಂತ ಹೇಳಿದ್ದು ಯಾರೋ?"

"ಪ್ರತಿಕಾಯ ಅಣ್ಣ. ಮೊಲದ ರಕ್ತದಿಂದ ತೆಗೆದದ್ದು."

"ಆ ತಿಳಿ ಗೆರೆ ಹೇಳಿದ್ದೂ ಅದೇ ಮೊಲವೇನೋ?"

"ಅಲ್ಲ, ಅದು ಮುಗಿದುಹೋಯ್ತು. ಇದು ಬೇರೆ ಮೊಲದ್ದು. ಆದರೆ ಹೆಸರು ಅದೇ, ನಂಬರೂ ಅದೇ."

"ಹೆಸರು ಒಂದೇ ಆದರೆ ಮನುಷ್ಯ ಒಂದೇ ಆದನೇನೋ? ಸಾಕ್ಷಿ ಬದಲಾಗಿದ್ದಾನೆ. ಪಾಟೀಸವಾಲು ಮಾಡಿದೆಯಾ?"

ನನಗೆ ಸಿಟ್ಟು ಬಂತು. ಕೋರ್ಟಿನ ಮಾತನ್ನು ಎಲ್ಲದಕ್ಕೂ ತರುತ್ತಾರಲ್ಲ ಎಂದುಕೊಂಡು, ಅಮ್ಮ ಕೊಟ್ಟ ಒಬ್ಬಟ್ಟು ತಿಂದು ಮಲಗಿದೆ. ನಿದ್ದೆ ಬರಲಿಲ್ಲ.

ಪಾಟೀಸವಾಲಿಗೆ ನಮ್ಮ ಶಾಸ್ತ್ರದಲ್ಲೂ ಕ್ರಮವಿದೆ. ನಾನದನ್ನು ಓದಿದ್ದೆ, ಮಾಡಿರಲಿಲ್ಲ, ಅಷ್ಟೆ. ಮೊಲದ ರಕ್ತರಸದಲ್ಲಿ ಒಂದೇ ಪ್ರತಿಕಾಯವಿರುವುದಿಲ್ಲ, ಒಂದು ಸಂತೆಯೇ ಇರುತ್ತದೆ. ಅಸಿಟೈಲನ್ನೇ ಹಿಡಿಯುವವು ಕೆಲವು. ಅಸಿಟೈಲ್ ಇರಲಿ ಬಿಡಲಿ, ಹಿಸ್ಟೋನಿನ ಬಾಲ ಕಂಡರೆ ಸಾಕು ಹಿಡಿಯುವವು ಕೆಲವು. ಬರಿಯ ಪೆಪ್ಟೈಡು ಅಂಟಿಸಿದ ನಳಿಕೆಯಲ್ಲಿ ರಸವನ್ನು ಹಾಯಿಸಿ ಈ ಎರಡನೆಯವನ್ನು ಸೋಸಿ ತೆಗೆಯಬೇಕು. ಸೋಸಿದ್ದು ಸಾಲದಿದ್ದರೆ ಸಾಕ್ಷಿ ಕಂಡಕಂಡವರನ್ನೆಲ್ಲ ಕಳ್ಳನೆನ್ನುತ್ತಾನೆ. ಇದನ್ನು ಪರೀಕ್ಷಿಸುವುದು ಸುಲಭ. ಪ್ರತಿಕಾಯಕ್ಕೆ ಮೊದಲೇ ಅಸಿಟೈಲ್ ಹೊತ್ತ ಪೆಪ್ಟೈಡನ್ನು ಧಾರಾಳವಾಗಿ ಉಣಿಸಿದರೆ ಅದು ತೃಪ್ತಿಪಟ್ಟು ಫಿಲ್ಮಿನ ಮೇಲೆ ಗೆರೆ ಮೂಡಬಾರದು. ಅಸಿಟೈಲ್ ಇಲ್ಲದ ಬರಿಯ ಪೆಪ್ಟೈಡನ್ನು ಉಣಿಸಿದರೆ ಹಸಿವು ಹಾಗೆಯೇ ಉಳಿದು ಗೆರೆ ಮೂಡಬೇಕು.

ಬೆಂಗಳೂರಿಗೆ ಹಿಂದಿರುಗಿ ಪೆಪ್ಟೈಡು ತರಿಸಿದೆ. ಬರಿಯ ಪೆಪ್ಟೈಡನ್ನು ಉಣಿಸಿದ ಫಿಲ್ಮು ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಸ್ವಚ್ಛವಾಗಿ ಹೊರಬಂತು, ಒಂದು ಗೆರೆಯೂ ಇಲ್ಲದೆ. ನನ್ನ ಮೊಲ ಅಸಿಟೈಲನ್ನು ನೋಡುತ್ತಲೇ ಇರಲಿಲ್ಲ. ಶಾಖ ತಗುಲದ ಕೋಶಗಳನ್ನೂ ಅದೇ ಕೊಳವೆಯಿಂದ ನೋಡಿದೆ. ಅಲ್ಲೂ ಅದೇ ಕಾಡಿಗೆ. ಕಂಪೆನಿಗೆ ಬರೆದ ಪತ್ರಕ್ಕೆ ಉತ್ತರವಾಗಿ ಇನ್ನೊಂದು ಕೊಳವೆ ಉಚಿತವಾಗಿ ಬಂತು, ವಿವರಣೆ ಬರಲಿಲ್ಲ. ಅವರನ್ನೇ ಪೂರ್ತಿ ದೂರುವ ಹಾಗೂ ಇಲ್ಲ. ಎರಡು ಬಗೆಯ ಕೋಶಗಳನ್ನು ಒಂದೇ ಫಿಲ್ಮಿನಲ್ಲಿ, ಒಂದೇ ಕೊಳವೆಯಿಂದ ನೋಡಬೇಕೆಂಬುದು ಮೊದಲ ವರ್ಷದ ಪಾಠ. ಕರಡನ್ನು ಹರಿದುಹಾಕಿದೆ. ಆ ಹುಡುಗಿಗೆ ವಿಷಯ ತಿಳಿಸಿದ ಸಾಯಂಕಾಲ ನನಗೆ ಚೆನ್ನಾಗಿ ನೆನಪಿದೆ. ಅವಳು ಏನೂ ಅನ್ನಲಿಲ್ಲ. ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ಕನ್ನು ಮುಚ್ಚಿ, "ಸರಿ ಸಾರ್" ಎಂದು ಎದ್ದುಹೋದಳು. ಅವಳ ಪಾಲಿನ ಒಂದು ವರ್ಷ ಹೋಗಿತ್ತು.

ನನ್ನ ಕಥೆ ಹಾಗಿರಲಿ. ಇಷ್ಟರಲ್ಲಿ ಶಾಸ್ತ್ರ ಬಹಳ ಮುಂದೆ ಹೋಗಿತ್ತು. 1996ರಲ್ಲೇ ಡೇವಿಡ್ ಆಲಿಸ್‌ನ ಗುಂಪು ಅಸಿಟೈಲನ್ನು ಕೂರಿಸುವ ಕಿಣ್ವವನ್ನೂ ಸ್ಟುವರ್ಟ್ ಶ್ರೈಬರ್‌ನ ಗುಂಪು ಅದನ್ನು ಎಬ್ಬಿಸುವ ಕಿಣ್ವವನ್ನೂ ಗುರುತಿಸಿದ್ದವು. 2006ರಲ್ಲಿ ಯಾವ ಪ್ರೋಟೀನಿನಲ್ಲಾದರೂ ಸರಿ, ಅಸಿಟೈಲ್ ಹೊತ್ತ ಲೈಸೀನನ್ನು ಹಿಡಿಯುವ ಪ್ರತಿಕಾಯವನ್ನು ಬಲೆಯಾಗಿ ಬೀಸಿ, ಸಿಕ್ಕಿದ್ದನ್ನು ತೂಕದಿಂದ ಗುರುತಿಸಿದಾಗ, 195 ಪ್ರೋಟೀನುಗಳಲ್ಲಿ 388 ಸ್ಥಾನಗಳು ಕಂಡವು. 2009ರಲ್ಲಿ ಲೆಕ್ಕ 1,750 ಪ್ರೋಟೀನುಗಳಿಗೂ 3,600 ಸ್ಥಾನಗಳಿಗೂ ಏರಿತು. ಹಿಸ್ಟೋನಿನ ಸ್ವತ್ತೆಂದು ತಿಳಿದದ್ದು ಜೀವಕೋಶದ ತುಂಬ ಹರಡಿತ್ತು. ಅಸಿಟೈಲನ್ನು ಎಬ್ಬಿಸುವ ಕಿಣ್ವಕ್ಕೆ ತಡೆಹಾಕುವ ಔಷಧವೊಂದಕ್ಕೆ ಚರ್ಮದ ಒಂದು ಬಗೆಯ ಕ್ಯಾನ್ಸರಿಗಾಗಿ 2006ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಇಂಥ ಔಷಧ ರೋಗಿಯ ಮೈಯಲ್ಲಿ ನಾಟಿತೇ ಇಲ್ಲವೇ ಎಂದು ನೋಡಲು ವೈದ್ಯರು ಅವನ ರಕ್ತದ ಕಣಗಳಲ್ಲಿ ಅಸಿಟೈಲ್ ಹೊತ್ತ ಹಿಸ್ಟೋನನ್ನು ಇದೇ ಪ್ರತಿಕಾಯಗಳಿಂದ ಅಳೆದಿದ್ದರು. ಸಾಕ್ಷಿ ತಪ್ಪು ಹೇಳಿದರೆ ಹೋಗುವುದು ವಿದ್ಯಾರ್ಥಿಯ ಎಂಟು ತಿಂಗಳಷ್ಟೇ ಅಲ್ಲ.

2011ರಲ್ಲಿ ಒಂದು ದೊಡ್ಡ ಪಾಟೀಸವಾಲು ನಡೆಯಿತು. ಹಿಸ್ಟೋನುಗಳ ಮೇಲಿನ ಗುರುತುಗಳನ್ನು ಹಿಡಿಯುವ 246 ಪ್ರತಿಕಾಯಗಳನ್ನು ಒಟ್ಟುಗೂಡಿಸಿ ವಿಜ್ಞಾನಿಗಳು ಪರೀಕ್ಷೆಮಾಡಿದರು. ಕಾಲುಭಾಗಕ್ಕಿಂತ ಹೆಚ್ಚಿನವು ಹೇಳಿದ್ದನ್ನು ಹಿಡಿಯುವ ಪರೀಕ್ಷೆಯಲ್ಲಿ ಸೋತವು. ಓದಿ ನನಗೆ ಒಂದು ಗಳಿಗೆ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಆಮೇಲೆ ನಾಚಿಕೆಯಾಯಿತು. ನನ್ನಂಥವರು ಎಷ್ಟು ಊರುಗಳಲ್ಲಿ ಎಷ್ಟು ಕರಡುಗಳನ್ನು ಹರಿಯದೆ ಅಚ್ಚಿಗೆ ಕಳಿಸಿರಬಹುದು! 2012ರಲ್ಲಿ ಇನ್ನೊಂದು ಸೂಕ್ಷ್ಮ ಹೊರಬಿತ್ತು. ಎಚ್-4ರ ಒಂದೇ ಸ್ಥಾನವನ್ನು ನೋಡುತ್ತವೆಂದು ಮಾರುತ್ತಿದ್ದ ಪ್ರತಿಕಾಯಗಳಲ್ಲಿ ಹಲವು, ಅಕ್ಕಪಕ್ಕದ ಸ್ಥಾನಗಳಲ್ಲೂ ಅಸಿಟೈಲ್ ಇದ್ದರೆ ಇನ್ನೂ ಹುರುಪಿನಿಂದ ಹಿಡಿಯುತ್ತಿದ್ದವು. ಈ ಸಾಕ್ಷಿಗಳದು ಸುಳ್ಳಲ್ಲ, ಕೇಳಿದ ಪ್ರಶ್ನೆಗೆ ಬದಲು ಬೇರೆ ಪ್ರಶ್ನೆಗೆ ಉತ್ತರ. ಈಚೆಗೆ ಪ್ರತಿಕಾಯದ ಜೀನನ್ನೇ ಓದಿ ಬರೆದಿಟ್ಟುಕೊಂಡು, ಬೇಕಾದಾಗ ಅದನ್ನೇ ಮತ್ತೆ ತಯಾರಿಸುವ ಕ್ರಮ ಬಂದಿದೆ. ಹಾಗೆ ಮಾಡಿದ್ದಾದರೆ ಸಾಕ್ಷಿ ಬದಲಾಗುವ ಭಯವಿಲ್ಲ. ಪಾಟೀಸವಾಲು ಮಾತ್ರ ಆಗಲೂ ತಪ್ಪುವುದಿಲ್ಲ.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪುಟವಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಹೆಸರಿನ ಉನ್ನತ ಸಂಶೋಧನ ಕೇಂದ್ರವಿದೆ. ಅಲ್ಲಿ ತಪಸ್ ಕುಂಡು ಅವರ ಗುಂಪು ಅಸಿಟೈಲ್ ಕೂರಿಸುವ ಪಿ-300 ಎಂಬ ಕಿಣ್ವಕ್ಕೆ ತಡೆಹಾಕುವ ವಸ್ತುಗಳನ್ನು ಹುಡುಕಿತು. ಹುಡುಕಿದ್ದು ಎಲ್ಲಿ ಎಂದರೆ ನಮ್ಮ ಹಿತ್ತಿಲುಗಳಲ್ಲಿ! 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯ ಅನಾಕಾರ್ಡಿಕ್ ಆಮ್ಲ; 2004ರಲ್ಲಿ ಮುರುಗಲಿನ ಗಾರ್ಸಿನಾಲ್. ಶಿರಸಿಯ ಕಡೆಯವರು ಮುರುಗಲೆಂದೂ ಮಂಗಳೂರಿನ ಕಡೆಯವರು ಪುನರ್ಪುಳಿಯೆಂದೂ ಶರಬತ್ತು ಮಾಡುವ ಹಣ್ಣೇ ಅದು. ಅದೇ ವರ್ಷ ಅರಿಶಿನದ ಕರ್ಕ್ಯುಮಿನ್. ವಾಚಕರು ಶರಬತ್ತು ಕುಡಿದರೆ ಜೀನುಗಳು ಸರಿಹೋಗುತ್ತವೆಂದು ತಿಳಿಯಬಾರದು. ಅವರು ಹೇಳಿದ್ದು ಶುದ್ಧಮಾಡಿದ ವಸ್ತುಗಳ ಮಾತು, ಕಿಣ್ವದ ಮೇಲೆ, ಕೋಶಗಳ ಮೇಲೆ. ಇದೇ ಗುಂಪು ನ್ಯೂಕ್ಲಿಯೋಫಾಸ್ಮಿನ್ ಎಂಬ ಪ್ರೋಟೀನಿನ ಅಸಿಟೈಲ್ ರೂಪಕ್ಕೆ ತಾನೇ ಪ್ರತಿಕಾಯ ತಯಾರಿಸಿಕೊಂಡು, ಆ ರೂಪ ಕೋಶದಲ್ಲಿ ಬೇರೆಯೇ ಜಾಗದಲ್ಲಿ ಇರುತ್ತದೆಂದೂ ಬಾಯಿಯ ಕ್ಯಾನ್ಸರಿನಲ್ಲಿ ಹೆಚ್ಚುತ್ತದೆಂದೂ 2009ರಲ್ಲಿ ತೋರಿಸಿತು. ಹೊಗೆಸೊಪ್ಪು ಜಗಿಯುವವರು ಇಷ್ಟೊಂದು ಮಂದಿ ಇರುವ ನಮ್ಮ ದೇಶಕ್ಕೆ ಬಾಯಿಯ ಕ್ಯಾನ್ಸರು ದೂರದ ಮಾತಲ್ಲ. ಕೊಳವೆಗಾಗಿ ಸುಂಕದ ಕಟ್ಟೆಯ ಕಡೆ ಬಾಯಿಬಿಟ್ಟು ಕಾಯುತ್ತಿದ್ದ ನನಗೆ, ಜಕ್ಕೂರಿನಲ್ಲೇ ಸಾಕ್ಷಿಯನ್ನು ತಯಾರಿಸಿದರೆಂದು ಓದಿ ಬಹಳ ಸಂತೋಷವಾಯಿತು.

ಆ ಹುಡುಗಿ ಬೇರೆ ಪ್ರಶ್ನೆ ಹಿಡಿದು ಚೆನ್ನಾಗಿಯೇ ಕೆಲಸ ಮುಗಿಸಿದಳು. ಹೊಸ ಕೊಳವೆ ಬಂದ ಕೂಡಲೆ ಅದನ್ನು ಬಿಸಿಲಿಗೆ ಹಿಡಿದು, "ಏನಮ್ಮಾ, ಯಾವ ಮೊಲ ನೀನು?" ಎಂದು ಕೇಳುವುದು ಅವಳ ಅಭ್ಯಾಸವಾಗಿತ್ತು.

ಅಣ್ಣ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕನ್ನು ತೆಗೆದು ನೋಡಿದಾಗ, ಮನೆಯ ಕಂದಾಯದ ರಸೀತಿಗಳ ನಡುವೆ ನನ್ನ ಆ ಫಿಲ್ಮು ಸಿಕ್ಕಿತು. ಹಬ್ಬದ ಮಾರನೆಯ ದಿನ ಸಿಟ್ಟಿನಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ. ಕವರಿನ ಮೇಲೆ ತಾರೀಖು ಹಾಕಿ, ಶಿರಸ್ತೇದಾರರ ಓರೆ ಅಕ್ಷರದಲ್ಲಿ ಅವರು ಬರೆದಿದ್ದರು: ಪ್ರತಿಕೂಲ ಸಾಕ್ಷಿ, ಮೊಲ ನಂಬರು ಎರಡು.